ಒದೆಯುವುದಲ್ಲ, ನಡೆಸುವುದು

ಕಾಲ್ಚೆಂಡು ಎಂದೊಡನೆ ನಮಗೆ ಮೊದಲು ನೆನಪಾಗುವ ಕ್ರಿಯಾಪದ ‘ಒದೆ’. ಡ್ರಿಬ್ಲಿಂಗ್ ಎಂಬ ಕೌಶಲಕ್ಕೆ ಈ ಪದ ಒಪ್ಪುವುದಿಲ್ಲ. ಎದುರಾಳಿಗಳ ನಡುವೆಯೂ ಚೆಂಡನ್ನು ಪಾದದ ಅಂಕೆಯಲ್ಲಿ ಇರಿಸಿಕೊಂಡು ಮುಂದೆ ಸಾಗುವುದೇ ಡ್ರಿಬ್ಲಿಂಗ್. ಕರುವನ್ನು ಹಗ್ಗ ಹಿಡಿದು ನಡೆಸುವಂತೆ ಚೆಂಡನ್ನು ‘ನಡೆಸ’ಬೇಕು. ಮಗುವಿಗೆ ಈ ಮಾತು ಮನದಟ್ಟಾದರೆ ಅರ್ಧ ಪಾಠ ಮುಗಿದಂತೆ.

ಮಲಬಾರಿನಲ್ಲಿ ಜನಪ್ರಿಯವಾದ ಸೆವೆನ್ಸ್ ಆಟದಲ್ಲಿ ತಂಡಕ್ಕೆ 7 ಮಂದಿ; ಅಂಗಳವೂ ಕಿರಿದು. ಅಂತಹ ಇಕ್ಕಟ್ಟಿನಲ್ಲಿ ಈ ಕೌಶಲವಿಲ್ಲದೆ ಆಡಲಾಗದು. ಸೀತಾಂಗೋಳಿಯಂತಹ ಊರಿನಲ್ಲಿ ಇದನ್ನು ಕಲಿಸಲು ದುಬಾರಿ ಸಾಮಗ್ರಿ ಬೇಕಿಲ್ಲ. ಮರಳು ತುಂಬಿದ 6 ನೀರಿನ ಬಾಟಲಿಗಳು, ಗೆರೆ ಎಳೆಯಲು ಒಲೆಯ ಬೂದಿ, ಕೆಲವು ಚೆಂಡುಗಳು ಸಾಕು. 8ರಿಂದ 12 ವರ್ಷದ ಮಕ್ಕಳಿಗೆ 4ನೇ ಅಳತೆಯ ಚೆಂಡು ಸೂಕ್ತ. ದೊಡ್ಡವರ 5ನೇ ಅಳತೆಯದು ಎಳೆಯ ಕಾಲಿಗೆ ಭಾರ. ಆಟಕ್ಕೆ ಮುನ್ನ ನೆಲದ ಕೆಂಪುಕಲ್ಲಿನ ಹರಳುಗಳನ್ನು ಆರಿಸಿ ತೆಗೆಯಬೇಕು.

ಬಾಟಲಿಗಳನ್ನು ಎರಡೆರಡು ಹೆಜ್ಜೆ ಅಂತರದಲ್ಲಿ ಸಾಲಾಗಿ ನಿಲ್ಲಿಸಿ. ಮಗು ಮೊದಲು ನಡೆಯುತ್ತಲೇ, ಪಾದದ ಒಳಬದಿಯಿಂದಲೂ ಹೊರಬದಿಯಿಂದಲೂ ಮೃದುವಾಗಿ ತಟ್ಟುತ್ತ, ಅವುಗಳ ನಡುವೆ ಚೆಂಡನ್ನು ನಡೆಸಲಿ. ಕೊನೆಯಲ್ಲಿ ಅಂಗಾಲನ್ನು ಚೆಂಡಿನ ಮೇಲಿರಿಸಿ ನಿಲ್ಲಿಸಲಿ. ಎಡಗಾಲಿಗೂ ಬಲಗಾಲಿನಷ್ಟೇ ಪಾಲು ಸಿಗಲಿ. ಹಿಡಿತ ಬಂದ ಮೇಲೆ ವೇಗ ಹೆಚ್ಚಿಸಿ, ಅಂತರ ತಗ್ಗಿಸಿ.

ಇಲ್ಲಿ ಎಲ್ಲ ಮಕ್ಕಳಿಗೂ ಎದುರಾಗುವ ತೊಡಕು ಒಂದೇ: ಕಣ್ಣು ಚೆಂಡಿನಲ್ಲೇ ನೆಟ್ಟಿರುತ್ತದೆ. ಅದಕ್ಕೆ ಸುಲಭದ ಉಪಾಯವುಂಟು. ಕಲಿಸುವವರು ಎದುರು ನಿಂತು ಆಗಾಗ ಬೆರಳುಗಳನ್ನು ಎತ್ತಿ ತೋರಿಸಬೇಕು. ಮಗು ಸಾಗುತ್ತಲೇ ಆ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಕು. ಕನ್ನಡ, ತುಳು, ಮಲಯಾಳ, ಮರಾಠಿ — ಮನೆಮಾತು ಯಾವುದಾದರೂ ಸರಿ; ಕತ್ತೆತ್ತಿ ನೋಡುವುದು ಮುಖ್ಯ.

ಬಳಿಕ ಬೂದಿಯಿಂದ ಹತ್ತು ಹೆಜ್ಜೆಯ ಚೌಕ ಬರೆದು, ಒಬ್ಬರನ್ನುಳಿದು ಎಲ್ಲರಿಗೂ ಒಂದೊಂದು ಚೆಂಡು ಕೊಡಿ. ಬರಿಗಾಲಲ್ಲಿ ಉಳಿದವರು ಇತರರ ಚೆಂಡನ್ನು ಕಸಿಯಲೆತ್ನಿಸಲಿ. ಮೈಯನ್ನು ಅಡ್ಡವಿಟ್ಟು ಚೆಂಡನ್ನು ಕಾಯುವ ಜಾಣ್ಮೆ ಹೀಗೆ ತಾನಾಗಿ ಮೂಡುತ್ತದೆ.

ಕಾಲ್ಚೆಂಡುಗಳು ಸಾಲದಿದ್ದರೆ ಹಳೆಯ ಟೆನಿಸ್ ಚೆಂಡೋ ಬಟ್ಟೆಯ ಚೆಂಡೋ ಆದೀತು. ಒಂದೇ ಚೆಂಡಿಗೆ ಇಪ್ಪತ್ತು ಮಕ್ಕಳಾದರೆ ಬಲಿಷ್ಠರಿಬ್ಬರು ಆಡುತ್ತಾರೆ. ಕಿರಿಯರೂ ಹೆಣ್ಣುಮಕ್ಕಳೂ ಅಂಚಿನಲ್ಲಿ ನಿಂತು ನೋಡುತ್ತಾರೆ. ನೋಡುವುದರಿಂದ ಕಾಲಿಗೆ ವಿದ್ಯೆ ಬಾರದು. ಚೆಂಡು ಎಷ್ಟು ಬೆಲೆಯದೆಂಬುದಕ್ಕಿಂತ ಅದು ಪ್ರತಿ ಮಗುವಿನ ಪಾದವನ್ನು ಎಷ್ಟು ಬಾರಿ ಮುಟ್ಟಿತೆಂಬುದೇ ಕಲಿಕೆಯ ನಿಜವಾದ ಅಳತೆ.