ಧಮನಿಯೆಂಬ ಹೆಸರೂ ರಕ್ತದ ಹಾದಿಯೂ

ಶಾಸ್ತ್ರದೊಡನೆ ಅದರ ಪರಿಭಾಷೆಯೂ ಭಾಷೆಗೆ ಬರುವುದು; ಪರಿಭಾಷೆಯೊಡನೆ, ಎಂದೋ ಬಿದ್ದುಹೋದ ಮತಗಳ ನೆರಳೂ ಉಳಿದುಬರುವುದುಂಟು. ಇದಕ್ಕೆ ರಕ್ತನಾಳಗಳ ಹೆಸರುಗಳೇ ನಿದರ್ಶನ. 'ಧಮನಿ' ಎಂಬ ಶಬ್ದವು ಊದುವುದೆಂಬರ್ಥದ ಧಾತುವಿನಿಂದ ಹುಟ್ಟಿದುದು. ಚರಕಸಂಹಿತೆಯೂ ಈ ನಿಷ್ಪತ್ತಿಯನ್ನೇ ಹೇಳುವುದು. ಗ್ರೀಕರಲ್ಲಿ 'ಆರ್ಟೀರಿಯ' ಎಂಬುದು ಶ್ವಾಸನಾಳಕ್ಕೂ ಸಲ್ಲುತ್ತಿದ್ದ ಹೆಸರು. ಕ್ರಿ. ಪೂ. 3ನೆಯ ಶತಮಾನದ ಎರಸಿಸ್ಟ್ರೇಟಸನು ಆ ನಾಳಗಳಲ್ಲಿ ಸಂಚರಿಸುವುದು ವಾಯುವೆಂದೇ ತಿಳಿದಿದ್ದನು. ಮೃತದೇಹದಲ್ಲಿ ಅವು ಬಹುಮಟ್ಟಿಗೆ ಬರಿದಾಗಿ ಕಾಣುವುದರಿಂದ ಈ ಭ್ರಮೆಗೆ ಎಡೆಯಿದ್ದಿತು.

ಕ್ರಿ. ಶ. 2ನೆಯ ಶತಮಾನದ ಗೇಲನನು ಧಮನಿಗಳಲ್ಲಿಯೂ ರಕ್ತವೇ ಇರುವುದೆಂದು ತೋರಿಸಿದನು. ಆದರೆ ರಕ್ತವು ಯಕೃತ್ತಿನಲ್ಲಿ ಹುಟ್ಟಿ ಅಂಗಾಂಗಗಳಲ್ಲಿ ವ್ಯಯವಾಗುವುದೆಂದೂ, ಹೃದಯದ ನಡುಗೋಡೆಯ ಅಗೋಚರ ರಂಧ್ರಗಳ ಮೂಲಕ ಬಲದಿಂದ ಎಡಕ್ಕೆ ಜಿನುಗುವುದೆಂದೂ ಅವನ ಮತ. ಆ ಗೋಡೆಯಲ್ಲಿ ರಂಧ್ರಗಳಿಲ್ಲ, ರಕ್ತವು ಶ್ವಾಸಕೋಶಗಳ ಮಾರ್ಗವಾಗಿಯೇ ಎಡಕ್ಕೆ ಬರಬೇಕು ಎಂದು 13ನೆಯ ಶತಮಾನದಲ್ಲಿ ಇಬ್ನ್ ಅಲ್-ನಫೀಸನು ಬರೆದನು. 1628ರಲ್ಲಿ ವಿಲಿಯಂ ಹಾರ್ವೆಯು ಲೆಕ್ಕದಿಂದಲೇ ಹಳೆಯ ಮತವನ್ನು ಕೆಡವಿದನು. ಬಡಿತವೊಂದಕ್ಕೆ ಅರ್ಧ ಔನ್ಸು ರಕ್ತವು ಹೊರಬೀಳುವುದೆಂದಿಟ್ಟುಕೊಂಡರೂ, ಅರ್ಧ ಗಂಟೆಯ 1000 ಬಡಿತಗಳಿಗೆ 500 ಔನ್ಸು ಆಯಿತು. ಅಷ್ಟು ರಕ್ತವು ಇಡೀ ದೇಹದಲ್ಲಿಯೇ ಇಲ್ಲ. ಉಂಡ ಅನ್ನದಿಂದ ಅಷ್ಟು ಬೇಗ ಹುಟ್ಟಲೂ ಆರದು. ಆದುದರಿಂದ ಹೋದ ರಕ್ತವೇ ಮರಳಿ ಬರುತ್ತಿರಬೇಕು. ಹೋಗುವ ನಾಳವನ್ನೂ ಬರುವ ನಾಳವನ್ನೂ ಕೂಡಿಸುವ ಲೋಮನಾಳಗಳು ಮಾತ್ರ ಹಾರ್ವೆಗೆ ಕಾಣಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1661ರಲ್ಲಿ, ಮಾಲ್ಪೀಗಿಯು ಸೂಕ್ಷ್ಮದರ್ಶಕದಿಂದ ಕಪ್ಪೆಯ ಶ್ವಾಸಕೋಶದಲ್ಲಿ ಅವನ್ನು ಕಂಡನು.

ಈಗ ತಿಳಿದಿರುವ ಹಾದಿ ಇದು. ದೇಹದಿಂದ ಬಂದ ರಕ್ತವು ಬಲ ಹೃತ್ಕರ್ಣವನ್ನು ಸೇರಿ, ತ್ರಿದಳ ಕವಾಟವನ್ನು ದಾಟಿ ಬಲ ಹೃತ್ಕುಕ್ಷಿಗೆ ಇಳಿದು, ಶ್ವಾಸಕೋಶಗಳಿಗೆ ಹೋಗುವುದು. ಅಲ್ಲಿ ಆಮ್ಲಜನಕವನ್ನು ಪಡೆದು ಎಡ ಹೃತ್ಕರ್ಣಕ್ಕೆ ಬಂದು, ದ್ವಿದಳ ಕವಾಟದ ಮೂಲಕ ಎಡ ಹೃತ್ಕುಕ್ಷಿಯನ್ನು ಹೊಕ್ಕು, ಮಹಾಪಧಮನಿಯಿಂದ ಸರ್ವಾಂಗಕ್ಕೂ ಹರಿಯುವುದು. ಬಡಿತವೊಂದಕ್ಕೆ ಸುಮಾರು 70 ಮಿಲಿಲೀಟರು, ನಿಮಿಷಕ್ಕೆ ಸುಮಾರು 70 ಬಡಿತ. ಅಂದರೆ ದೇಹದಲ್ಲಿರುವ ಐದು ಲೀಟರಿನಷ್ಟು ರಕ್ತವೂ ವಿಶ್ರಾಂತಿಯ ಕಾಲದಲ್ಲಿ ನಿಮಿಷಕ್ಕೊಂದಾವರ್ತಿ ಸುತ್ತಿಬರುವುದು.

ಪಾಠ ಹೇಳುವಾಗ ಅಪಧಮನಿಯನ್ನು ಶುದ್ಧರಕ್ತದ ನಾಳವೆಂದೂ ಅಭಿಧಮನಿಯನ್ನು ಮಲಿನರಕ್ತದ ನಾಳವೆಂದೂ ವಿವರಿಸುವ ರೂಢಿಯುಂಟು. ಇದು ಸಾಧುವಲ್ಲ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿರುವುದು ಆಮ್ಲಜನಕ ಕುಂದಿದ ರಕ್ತ. ಅಲ್ಲಿಂದ ಮರಳುವ ಅಭಿಧಮನಿಗಳಲ್ಲಿರುವುದು ಆಮ್ಲಜನಕ ತುಂಬಿದ ರಕ್ತ. ಉಪಸರ್ಗಗಳೇ ಸರಿಯಾದ ಲಕ್ಷಣವನ್ನು ಹೇಳುತ್ತವೆ: 'ಅಪ' ಎಂದರೆ ಹೃದಯದಿಂದ ದೂರಕ್ಕೆ, 'ಅಭಿ' ಎಂದರೆ ಅದರ ಅಭಿಮುಖವಾಗಿ. ಭೇದವು ದಿಕ್ಕಿನದು, ಶುದ್ಧಿಯದಲ್ಲ.

ಇದು ಬರಿಯ ಶಬ್ದವಿಚಾರವೆಂದು ತಿಳಿಯಲಾಗದು. ಶುಶ್ರೂಷೆಯನ್ನು ಕಲಿಯುವವರಿಗೆ ದಿಕ್ಕಿನ ಜ್ಞಾನವೇ ರೋಗಜ್ಞಾನಕ್ಕೆ ಕೀಲಿ. ಶಸ್ತ್ರಚಿಕಿತ್ಸೆಯಾಗಿ ಬಹುದಿನ ಮಲಗಿದ್ದವನ ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತವು ಕಳಚಿದರೆ, ಅದು ಬಲ ಹೃದಯವನ್ನು ಹಾದು ಶ್ವಾಸಕೋಶದಲ್ಲಿ ಸಿಕ್ಕಿಬೀಳುವುದು. ಅಂಥವನು ಒಮ್ಮೆಗೇ ಏದುಸಿರುಬಿಟ್ಟರೆ ಆ ಹಾದಿಯನ್ನು ಬಲ್ಲವರು ಕೂಡಲೆ ವೈದ್ಯನನ್ನು ಕರೆಯುವರು. ಎಡ ಹೃತ್ಕರ್ಣದಲ್ಲಿ ಹುಟ್ಟಿದ ಹೆಪ್ಪು ಮಿದುಳಿಗೇರಿ ಪಾರ್ಶ್ವವಾಯುವನ್ನು ತರಬಹುದು. ಈ ಹೆಸರಿನಲ್ಲಿಯೂ ವಾಯುವೇ ಉಳಿದಿದೆ! ಎಡ ಹೃತ್ಕುಕ್ಷಿಯು ಸೋತರೆ ರಕ್ತವು ಹಿಂದೆ ಶ್ವಾಸಕೋಶಗಳಲ್ಲಿ ತಡೆದು, ಮಲಗಿದಾಗ ಉಸಿರು ಕಟ್ಟುವುದು, ಎದ್ದು ಕುಳಿತರೆ ಹಗುರವಾಗುವುದು. ಬಲವು ಸೋತರೆ ಕಾಲುಗಳು ಬಾಯುವುವು.

ಹೃದಯಾಘಾತ, ಹೃದಯಸ್ತಂಭನ ಎಂಬೆರಡನ್ನು ಒಂದೇ ಎಂದೆಣಿಸುವುದು ಇನ್ನೂ ಅಪಾಯಕರ. ಮೊದಲನೆಯದರಲ್ಲಿ ಹೃದಯವನ್ನೇ ಪೋಷಿಸುವ ನಾಳವು ಕಟ್ಟಿ ಸ್ನಾಯುವು ಸಾಯತೊಡಗುವುದು. ರೋಗಿಯು ಎಚ್ಚತ್ತು ಮಾತನಾಡುತ್ತಿರಬಹುದು. ಎರಡನೆಯದರಲ್ಲಿ ರಕ್ತಸಂಚಾರವೇ ನಿಂತು, ಪ್ರಜ್ಞೆಯೂ ನಾಡಿಯೂ ಇಲ್ಲವಾಗುವುವು. ತತ್‌ಕ್ಷಣ ಎದೆಯನ್ನು ಒತ್ತತೊಡಗದಿದ್ದರೆ ಕೆಲವೇ ನಿಮಿಷಗಳಲ್ಲಿ ಮಿದುಳು ಕೆಡುವುದು.

ಹಳೆಯ ಶಬ್ದಗಳನ್ನು ತೊರೆಯಬೇಕಾದುದಿಲ್ಲ. ವಾಯು ಹೋದರೂ ಧಮನಿಯು ಉಳಿಯಬಹುದು. ಆದರೆ ಶಬ್ದವನ್ನು ಕಲಿಸುವವರು ಅದರ ಈಗಿನ ಅರ್ಥವನ್ನೂ ಒಡನೆಯೇ ಕಲಿಸಬೇಕು. ಏಕೆಂದರೆ ಆ ಅರ್ಥವನ್ನು ನಂಬಿ ರೋಗಿಯ ಮಗ್ಗುಲಲ್ಲಿ ನಿಲ್ಲುವವರಿದ್ದಾರೆ.