ಮೋಡದಲ್ಲಿಟ್ಟ ಗಂಟು

ನಮ್ಮ ಕಾಲೇಜಿನ ಭೌತವಿಜ್ಞಾನ ವಿಭಾಗದ ತಾರಸಿಯ ಮೇಲೆ ಒಂದು ಪುಟ್ಟ ಹವಾಮಾನ ಠಾಣೆಯಿದೆ. ಉಷ್ಣತಾಮಾಪಕ, ಆರ್ದ್ರತಾಮಾಪಕ, ವಾಯುಭಾರಮಾಪಕ, ಮಳೆಮಾಪಕ ಇವಿಷ್ಟೇ ಅದರ ಸಲಕರಣೆಗಳು. ಹತ್ತು ನಿಮಿಷಕ್ಕೊಮ್ಮೆ ಅವುಗಳ ಅಳತೆಗಳು ಇಂಟರ್‌ನೆಟ್ಟಿನ ಮೂಲಕ ಹೊರಟು, ನಾವು ತಿಂಗಳ ಬಾಡಿಗೆಗೆ ಹಿಡಿದಿರುವ ಒಂದು ಸರ್ವರನ್ನು ಸೇರಿ ಅಲ್ಲಿ ಸಾಲುಸಾಲಾಗಿ ದಾಖಲಾಗುತ್ತವೆ. ದಿನಕ್ಕೆ 144 ಸಾಲು, ವರ್ಷಕ್ಕೆ 52,560. 2022ರ ಜೂನ್ ತಿಂಗಳಿನಲ್ಲಿ ವಿದ್ಯಾರ್ಥಿಗಳೊಡನೆ ಇದನ್ನು ಸ್ಥಾಪಿಸಿದಾಗ, ದಾಖಲೆಗಳು ಕಳೆದುಹೋಗಬಾರದೆಂಬ ಎಚ್ಚರದಿಂದ, ಪ್ರತಿರಾತ್ರಿಯೂ ಅವುಗಳ ನಕಲು ತಾನಾಗಿಯೇ ಸಿದ್ಧವಾಗಿ ಬೇರೊಂದು ಸಂಗ್ರಹಕ್ಕೆ ಹೋಗಿ ಸೇರುವಂತೆ ಏರ್ಪಾಟು ಮಾಡಿದೆ. ಬ್ಯಾಕಪ್ ಎಂದು ಕರೆಯುವುದು ಇದನ್ನೇ. ಮೊದಲ ಕೆಲವು ವಾರ ದಿನವೂ ಪರಿಶೀಲಿಸಿದೆ. ನಕಲು ಸರಿಯಾಗಿಯೇ ಇರುತ್ತಿತ್ತು. ಬಳಿಕ ನೋಡುವುದನ್ನು ಬಿಟ್ಟೆ. ತಾನಾಗಿ ನಡೆಯುವ ಕೆಲಸವನ್ನು ದಿನವೂ ನಾವೇ ಹೋಗಿ ನೋಡಬೇಕಾದರೆ ಅದು ತಾನಾಗಿ ನಡೆದುದರ ಫಲವೇನು?

ಅದೇ ವರ್ಷದ ಡಿಸೆಂಬರ್ 9ರಂದು, ಪರೀಕ್ಷಾರ್ಥವಾಗಿ ಸೇರಿಸಿದ್ದ ಕೆಲವು ಸಾಲುಗಳನ್ನು ಅಳಿಸಹೊರಟ ವಿದ್ಯಾರ್ಥಿಯೊಬ್ಬ, ಯಾವ ಸಾಲುಗಳನ್ನು ಅಳಿಸಬೇಕೆಂಬ ಷರತ್ತನ್ನು ಆದೇಶದ ಕೊನೆಗೆ ಬರೆಯಲು ಮರೆತ. ಯಂತ್ರ ಆಜ್ಞಾಧಾರಕ, ಎಲ್ಲವನ್ನೂ ಅಳಿಸಿತು. ಹುಡುಗ ಬೆವರಿಹೋದ. “ಹೆದರಬೇಡಪ್ಪ, ಬ್ಯಾಕಪ್ ಇದೆ” ಎಂದು ಸಮಾಧಾನ ಹೇಳಿ ನಾನು ಸಂಗ್ರಹವನ್ನು ತೆರೆದೆ. ಜುಲೈ 11ರಿಂದ ಅಂದಿನ ಬೆಳಗಿನ ಜಾವದವರೆಗೆ 152 ಫೈಲುಗಳು, ಒಂದು ದಿನವೂ ತಪ್ಪದೆ, ಶಿಸ್ತಿನ ಸಿಪಾಯಿಗಳಂತೆ ಸಾಲಾಗಿ ನಿಂತಿದ್ದವು. ಆದರೆ ಪ್ರತಿಯೊಂದರ ಗಾತ್ರವೂ ಇಪ್ಪತ್ತೇ ಬೈಟು! ಇಪ್ಪತ್ತು ಬೈಟೆಂದರೆ ಇಪ್ಪತ್ತು ರೋಮನ್ ಅಕ್ಷರಗಳು ಹಿಡಿಸುವಷ್ಟು ಜಾಗ. ಐದು ತಿಂಗಳ ಗಾಳಿ, ಮಳೆ, ಬಿಸಿಲುಗಳೆಲ್ಲ ಅಷ್ಟರಲ್ಲಿ ಅಡಗುವುದುಂಟೆ?

ಆದದ್ದು ಇಷ್ಟು. ಜುಲೈ 10ರಂದು ಭದ್ರತೆಯ ದೃಷ್ಟಿಯಿಂದ ನಾನೇ ದತ್ತಕೋಶದ ಪಾಸ್‌ವರ್ಡನ್ನು ಬದಲಿಸಿದ್ದೆ. ನಕಲು ತೆಗೆಯುವ ಕ್ರಮವಿಧಿಯಲ್ಲಿ ಹಳೆಯದನ್ನೇ ಉಳಿಸಿದ್ದೆ. ಆ ಕ್ರಮವಿಧಿಯಲ್ಲಿ ಕೆಲಸಗಾರರು ಇಬ್ಬರು. ಮೊದಲನೆಯವನು ದಾಖಲೆಗಳನ್ನು ಹೊರತೆಗೆದು ಕೊಡಬೇಕು. ಎರಡನೆಯವನು ಅವನ್ನು ಅದುಮಿ, ಗಾತ್ರ ಕುಗ್ಗಿಸಿ, ಫೈಲಿನಲ್ಲಿ ತುಂಬಬೇಕು. ಹಳೆಯ ಪಾಸ್‌ವರ್ಡಿನಿಂದ ಬಾಗಿಲು ತೆರೆಯದೆ ಮೊದಲನೆಯವನು ಬರಿಗೈಯಲ್ಲಿ ನಿಂತ. ಎರಡನೆಯವನೋ, ತನಗೆ ಬಂದ ಶೂನ್ಯವನ್ನೇ ನಿಷ್ಠೆಯಿಂದ ಅದುಮಿ ಕಟ್ಟಿಟ್ಟ. ಶೂನ್ಯವನ್ನು ಹಾಗೆ ಕಟ್ಟಿದರೆ ಹೊರಗಿನ ಹೊದಿಕೆಯೇ ಇಪ್ಪತ್ತು ಬೈಟಾಗುತ್ತದೆ. ಹೀಗೆ ಸರಪಳಿಯಾಗಿ ನಡೆಯುವ ಕೆಲಸಗಳಲ್ಲಿ, ಬೇರೆ ರೀತಿ ವಿಧಿಸದಿದ್ದರೆ, ಕಡೆಯವನ ವರದಿಯನ್ನೇ ಇಡೀ ಕೆಲಸದ ವರದಿಯೆಂದು ಯಂತ್ರ ಸ್ವೀಕರಿಸುತ್ತದೆ. ಕಡೆಯವನು “ಆಯಿತು” ಎಂದ. ಎಲ್ಲವೂ ಆಯಿತೆಂದು ದಾಖಲಾಯಿತು. ಮೊದಲನೆಯವನ ದೂರು ಅದೇ ಸರ್ವರಿನ ಒಳಗಿನ ಒಂದು ಅಂಚೆಪೆಟ್ಟಿಗೆಗೆ ಪ್ರತಿರಾತ್ರಿಯೂ ಬಂದು ಬೀಳುತ್ತಿತ್ತು. ಅಂಥದೊಂದು ಪೆಟ್ಟಿಗೆ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ.

ನಕ್ಷೆ ಎಳೆಯುವುದಕ್ಕೆಂದು ವಿದ್ಯಾರ್ಥಿನಿಯೊಬ್ಬಳು ಸೆಪ್ಟೆಂಬರ್ 15ರವರೆಗಿನ ದಾಖಲೆಗಳನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದಳು. ಅಷ್ಟು ಉಳಿಯಿತು. ಮುಂದಿನ 85 ದಿನಗಳ 12,240 ಸಾಲುಗಳು ಹೋದುವು. ಲೋಲಕದ ಪ್ರಯೋಗ ಕೆಟ್ಟರೆ ಮರುದಿನ ಮತ್ತೆ ಮಾಡಬಹುದು. 2022ರ ಹಿಂಗಾರು ಮತ್ತೆ ಸುರಿಯಲಾರದಷ್ಟೆ.

ಬಾಡಿಗೆಗೆ ಹಿಡಿದ ಸರ್ವರ್ ಎಂದೆನಲ್ಲ, ಅದರ ಸ್ವರೂಪವನ್ನು ಸ್ವಲ್ಪ ವಿಚಾರಿಸೋಣ. ಕನ್ನಡಿಯ ಹಿಂದೆ ಕಾಣುವ ನಮ್ಮ ಬಿಂಬವನ್ನು ಭೌತವಿಜ್ಞಾನದಲ್ಲಿ ಮಿಥ್ಯಾಬಿಂಬವೆನ್ನುತ್ತೇವೆ. ಅಲ್ಲಿ ಬೆಳಕೂ ಇಲ್ಲ, ವಸ್ತುವೂ ಇಲ್ಲ. ಆದರೂ ಅದನ್ನು ನೋಡಿಕೊಂಡೇ ಕ್ಷೌರ ಮಾಡಿಕೊಳ್ಳುತ್ತೇವೆ. ವರ್ಚುಯಲ್ ಸರ್ವರ್ ಎಂಬುದೂ ಈ ಜಾತಿಯದೇ. ಯಾವುದೋ ಊರಿನ ದೊಡ್ಡ ಕಟ್ಟಡದಲ್ಲಿ ನಿಜವಾದ ಯಂತ್ರವೊಂದಿರುತ್ತದೆ. ಅದರ ಸಾಮರ್ಥ್ಯವನ್ನು ಒಂದು ಮೇಲ್ವಿಚಾರಕ ಕ್ರಮವಿಧಿಯು ಹತ್ತಾರು ಪಾಲು ಮಾಡಿ, ಪ್ರತಿಯೊಂದು ಪಾಲೂ ಸ್ವತಂತ್ರ ಯಂತ್ರವೆಂಬಂತೆ ತೋರಿಸುತ್ತದೆ. ಈ ಉಪಾಯ ಹೊಸದಲ್ಲ. ಐಬಿಎಂ ಸಂಸ್ಥೆ 1960ರ ದಶಕದಲ್ಲಿಯೇ ಇದನ್ನು ಸಾಧಿಸಿತ್ತು. ಹೀಗೆ ಪಾಲುಮಾಡಿದ ಯಂತ್ರಗಳನ್ನು ಅಮೆಜಾನ್ ಸಂಸ್ಥೆ 2006ರಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿತು. ಕ್ಲೌಡ್ ಎಂದರೆ ಮೋಡ. ಹೆಸರು ಹೀಗಿರುವುದರಿಂದ, ಅಲ್ಲಿಟ್ಟ ಗಂಟು ಬೆಂಕಿ ನೀರುಗಳಿಗೆ ಎಟುಕದೆಂಬ ಭ್ರಾಂತಿ ಹಲವರಿಗಿದೆ. ನೆಲದ ಮೇಲಿನ ಕಟ್ಟಡ, ಕಬ್ಬಿಣದ ಕಪಾಟು, ವಿದ್ಯುತ್ತಿನ ತಂತಿ ಇವೇ ಆ ಮೋಡ.

ಬಾಡಿಗೆ ಕೊಡುವ ಸಂಸ್ಥೆಯು ನಮ್ಮ ಡಿಸ್ಕಿನಲ್ಲಿರುವುದನ್ನು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕಡೆ ಇಟ್ಟಿರುತ್ತದೆ. ಅಂದಮೇಲೆ ಬ್ಯಾಕಪ್ ಬೇರೆ ಏಕೆ? ಈ ಪ್ರಶ್ನೆಯನ್ನು ನನ್ನ ಸಹೋದ್ಯೋಗಿಗಳೂ ಕೇಳಿದ್ದಾರೆ. ಆ ಜೋಡಿಪ್ರತಿಗಳು ಒಂದು ಡಿಸ್ಕು ಕೆಟ್ಟಾಗ ನೆರವಾಗತಕ್ಕವು. ನಾವು ಮಾಡಿದ ಬದಲಾವಣೆಯೆಲ್ಲ ಕ್ಷಣಮಾತ್ರದಲ್ಲಿ ಎಲ್ಲ ಪ್ರತಿಗಳಿಗೂ ತಲಪುವಂತೆ ಅವುಗಳ ರಚನೆಯಿದೆ. ನಮ್ಮ ಹುಡುಗ ಅಳಿಸಿದಾಗ ಅವೆಲ್ಲವೂ ಒಟ್ಟಿಗೇ ಅಳಿದುವು. ನಿನ್ನೆ ಇದ್ದಂತೆ ಇರುವ ಪ್ರತಿ ಬೇಕಾದರೆ, ಇಂದಿನ ಬದಲಾವಣೆ ತಾಕದಂತೆ ಅದನ್ನು ಬೇರ್ಪಡಿಸಿಯೇ ಇಟ್ಟಿರಬೇಕು.

ಹಾಗೆ ಬೇರ್ಪಡಿಸುವ ಒಂದು ಚಮತ್ಕಾರವೇ ಸ್ನ್ಯಾಪ್‌ಷಾಟ್. ಸಾವಿರ ಪುಟದ ಖಾತೆಪುಸ್ತಕವೊಂದನ್ನು ಊಹಿಸಿಕೊಳ್ಳಿ. ಈ ಗಳಿಗೆಯಲ್ಲಿರುವ ಸ್ಥಿತಿಯನ್ನು ಉಳಿಸಬೇಕು. ಆದರೆ ಸಾವಿರ ಪುಟವನ್ನೂ ನಕಲಿಸುವವರೆಗೆ ಬರವಣಿಗೆಯನ್ನು ನಿಲ್ಲಿಸುವಂತಿಲ್ಲ. ಬುದ್ಧಿವಂತ ಗುಮಾಸ್ತ ಏನು ಮಾಡುತ್ತಾನೆ? ಸದ್ಯಕ್ಕೆ ಒಂದು ಪುಟವನ್ನೂ ನಕಲಿಸುವುದಿಲ್ಲ. ಮುಂದೆ ಯಾವ ಪುಟವನ್ನಾದರೂ ತಿದ್ದಬೇಕಾಗಿ ಬಂದಾಗ, ತಿದ್ದುವ ಮೊದಲು ಆ ಪುಟದ ಹಳೆಯ ರೂಪವನ್ನು ಪಕ್ಕಕ್ಕೆ ಬರೆದಿಡುತ್ತಾನೆ. ತಿದ್ದದ ಪುಟಗಳು ಮೂಲದಲ್ಲಿಯೇ ಇವೆ. ತಿದ್ದಿದವುಗಳ ಹಳೆಯ ರೂಪ ಪಕ್ಕದಲ್ಲಿದೆ. ಎರಡನ್ನೂ ಸೇರಿಸಿದರೆ ಆ ಗಳಿಗೆಯ ಪುಸ್ತಕ ಪೂರ್ಣವಾಗಿ ದೊರೆಯುತ್ತದೆ. ಡಿಸ್ಕಿನಲ್ಲಿ ಪುಟಗಳ ಬದಲು ಸಣ್ಣ ಸಣ್ಣ ಖಂಡಗಳಿರುತ್ತವೆ. ಆದರೆ ಪುಸ್ತಕವೇ ಕಳೆದುಹೋದರೆ ಪಕ್ಕದ ಹಾಳೆಗಳಿಂದ ಪ್ರಯೋಜನವಿಲ್ಲವಷ್ಟೆ. ಆದುದರಿಂದ ಸ್ನ್ಯಾಪ್‌ಷಾಟನ್ನು ಮತ್ತೊಂದು ಸಂಗ್ರಹಕ್ಕೆ ಪೂರ್ತಿಯಾಗಿ ಸಾಗಿಸಿದ ಮೇಲೆಯೇ ಅದಕ್ಕೆ ಬ್ಯಾಕಪ್ ಎಂಬ ಹೆಸರು ಸಲ್ಲುತ್ತದೆ. ಒಮ್ಮೆ ಪೂರ್ಣಪ್ರತಿ ಹೋದ ಬಳಿಕ, ಮುಂದಿನ ದಿನಗಳಲ್ಲಿ ಬದಲಾದ ಖಂಡಗಳನ್ನು ಮಾತ್ರ ಕಳುಹಿಸಿದರೆ ಸಾಕು. 100 ಗಿಗಾಬೈಟಿನ ಡಿಸ್ಕಿನಲ್ಲಿ ದಿನಕ್ಕೆ 2 ಗಿಗಾಬೈಟು ಬದಲಾಗುವುದಾದರೆ, ಮೂವತ್ತು ದಿನದ ಮೂವತ್ತು ಪ್ರತಿಗಳಿಗೆ 3,000 ಗಿಗಾಬೈಟು ಬೇಕಾಗುವುದಿಲ್ಲ, 158 ಸಾಕು.

ಇನ್ನೊಂದು ಸೂಕ್ಷ್ಮವುಂಟು. ಗುಮಾಸ್ತ ಖರ್ಚಿನ ಪುಟವನ್ನು ಬರೆದು ಜಮೆಯ ಪುಟವನ್ನು ಇನ್ನೂ ಬರೆಯದಿರುವಾಗ ಸ್ನ್ಯಾಪ್‌ಷಾಟ್ ತೆಗೆದರೆ, ಲೆಕ್ಕ ತಾಳೆಯಾಗದ ಪುಸ್ತಕ ಶಾಶ್ವತವಾಗಿ ಉಳಿಯುತ್ತದೆ. ವಿದ್ಯುತ್ತು ಹಠಾತ್ತಾಗಿ ಹೋದ ಯಂತ್ರದ ಸ್ಥಿತಿಯೇ ಅದರ ಸ್ಥಿತಿ. ಒಳ್ಳೆಯ ದತ್ತಕೋಶಗಳು ಅಂಥ ಸ್ಥಿತಿಯಿಂದ ಚೇತರಿಸಿಕೊಳ್ಳಬಲ್ಲವು. ಆದರೂ ಸ್ನ್ಯಾಪ್‌ಷಾಟಿಗೆ ಮೊದಲು ಬರವಣಿಗೆಯನ್ನು ಕ್ಷಣಕಾಲ ತಡೆಯುವುದು, ಇಲ್ಲವೆ ದತ್ತಕೋಶದ್ದೇ ಆದ ಸಾಧನದಿಂದ ಪ್ರತ್ಯೇಕ ನಕಲು ತೆಗೆಯುವುದು ಲೇಸು.

ಈ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವವನು ಕ್ರಾನ್ ಎಂಬ ಹಳೆಯ ಸೇವಕ. ಐದು ಸಂಖ್ಯೆಗಳಲ್ಲಿ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಬರೆದುಕೊಟ್ಟರೆ ಆತ ತಪ್ಪುವುದಿಲ್ಲ. ಆದರೆ ಬಾಡಿಗೆ ಸರ್ವರುಗಳ ಗಡಿಯಾರ ಬಹುಮಟ್ಟಿಗೆ ವಿಶ್ವಕಾಲಮಾನವನ್ನು ಅನುಸರಿಸುತ್ತದೆ. ಅದು ನಮ್ಮ ಕಾಲಕ್ಕಿಂತ ಐದೂವರೆ ಗಂಟೆ ಹಿಂದೆ. ರಾತ್ರಿ ಎರಡೆಂದು ಬರೆದರೆ ಕೆಲಸ ಬೆಳಗಿನ ಏಳೂವರೆಗೆ ನಡೆದೀತು. ನಮ್ಮ ಎರಡು ಗಂಟೆ ಬೇಕಾದರೆ ಹಿಂದಿನ ದಿನದ 20 ಗಂಟೆ 30 ನಿಮಿಷವೆಂದು ಬರೆಯಬೇಕು. ಇನ್ನು ಪ್ರತಿಗಳನ್ನು ಎಷ್ಟು ಕಾಲ ಇಡಬೇಕು? ಏಳು ದಿನದವು ಮಾತ್ರ ಇದ್ದರೆ, ಎಂಟನೆಯ ದಿನ ಕಣ್ಣಿಗೆ ಬಿದ್ದ ತಪ್ಪು ಏಳು ಪ್ರತಿಗಳಲ್ಲಿಯೂ ಇರುತ್ತದೆ. ದಿನದ್ದು ಏಳು, ವಾರದ್ದು ನಾಲ್ಕು, ತಿಂಗಳಿನದು ಹನ್ನೆರಡು ಎಂದು ಇಟ್ಟುಕೊಂಡರೆ 23 ಪ್ರತಿಗಳಲ್ಲಿ ವರ್ಷವಿಡೀ ಹಿಂದಕ್ಕೆ ನೋಡಬಹುದು.

ಪ್ರತಿಯನ್ನು ಎಲ್ಲಿಡಬೇಕೆಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಒಂದು ಪ್ರತಿ ವರ್ಷದೊಳಗೆ ನಾಶವಾಗುವ ಸಂಭವ ನೂರಕ್ಕೆ ಒಂದೆಂದು ಭಾವಿಸೋಣ. ಎರಡು ಪ್ರತಿಗಳೂ ನಾಶವಾಗುವ ಸಂಭವ ಹತ್ತು ಸಾವಿರಕ್ಕೆ ಒಂದು ಎಂದು ವಿದ್ಯಾರ್ಥಿಗಳು ಥಟ್ಟನೆ ಹೇಳುತ್ತಾರೆ. ಆ ಗುಣಾಕಾರ ಸಲ್ಲುವುದು ಎರಡು ಘಟನೆಗಳೂ ಪರಸ್ಪರ ಸ್ವತಂತ್ರವಾಗಿದ್ದರೆ ಮಾತ್ರ. ಒಂದೇ ಸೂರಿನಡಿ ಇರುವ ಎರಡು ಪ್ರತಿಗಳು ಬೆಂಕಿಯ ಪಾಲಿಗೆ ಒಂದೇ ಪ್ರತಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ಐದಂತಸ್ತಿನ ದತ್ತಾಂಶ ಕೇಂದ್ರವೊಂದು ಸುಟ್ಟುಹೋದಾಗ, ಮೂಲವನ್ನೂ ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇರಿಸಿದ್ದ ಗಿರಾಕಿಗಳು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನ್ ನಗರದ ಸರ್ಕಾರಿ ಕೇಂದ್ರದಲ್ಲಿ ಬ್ಯಾಟರಿಗಳಿಂದ ಹೊತ್ತಿದ ಬೆಂಕಿಯಲ್ಲಿ, ಅಲ್ಲಿನ ಸರ್ಕಾರಿ ನೌಕರರ ಕಡತಗಳ ಸಂಗ್ರಹವೊಂದು, ಸುಮಾರು 858 ಟೆರಾಬೈಟು, ಬೂದಿಯಾಯಿತು. ಗಾತ್ರ ಬಹು ದೊಡ್ಡದೆಂಬ ಕಾರಣದಿಂದ ಅದಕ್ಕೆ ಹೊರಗೆ ಪ್ರತಿಯೇ ಇರಲಿಲ್ಲ! ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ವಾಚಕರಿಗೆ ತಿಳಿದೇ ಇದೆ. ಬರೆಯಿಸಿದ್ದಷ್ಟನ್ನೇ ನಾವು ಕೊಂಡಾಡುತ್ತೇವೆ. ಹುಳುವಿಗೂ ಬೆಂಕಿಗೂ ಎದುರಾಗಿ ನಿಲ್ಲತಕ್ಕದ್ದು ಹಂಚಿದ್ದು.

ಬೆಂಕಿಯೊಂದೇ ಶತ್ರುವಲ್ಲ. 2014ರ ಜೂನ್ ತಿಂಗಳಿನಲ್ಲಿ ಕೋಡ್ ಸ್ಪೇಸಸ್ ಎಂಬ ಸಂಸ್ಥೆಯ ಕ್ಲೌಡ್ ಖಾತೆಗೆ ನುಗ್ಗಿದ ದುಷ್ಕರ್ಮಿಯು ದತ್ತಾಂಶವನ್ನೂ ಬ್ಯಾಕಪ್ಪುಗಳನ್ನೂ ಅಳಿಸಿದ. ಎರಡೂ ಒಂದೇ ಬೀಗದ ಕೈಗೆ ತೆರೆಯುತ್ತಿದ್ದುವು. ಸಂಸ್ಥೆ ಮುಚ್ಚಿಹೋಯಿತು. 2024ರ ಮೇ ತಿಂಗಳಿನಲ್ಲಿ ಆಸ್ಟ್ರೇಲಿಯದ ಯೂನಿಸೂಪರ್ ಎಂಬ ನಿವೃತ್ತಿನಿಧಿಯ ಕ್ಲೌಡ್ ವ್ಯವಸ್ಥೆಯೇ ಗೂಗಲ್ ಸಂಸ್ಥೆಯ ಕಡೆಯ ಒಂದು ತಪ್ಪು ಹೊಂದಿಕೆಯಿಂದ ಅಳಿದುಹೋಯಿತು. ಬೇರೊಂದು ಸಂಸ್ಥೆಯಲ್ಲಿ ಇಟ್ಟಿದ್ದ ಪ್ರತಿಗಳೂ ಆಗ ನೆರವಿಗೆ ಬಂದುವು. ಆದುದರಿಂದ ಊರು ಬೇರೆಯಾದರೆ ಸಾಲದು. ಒಂದು ಪ್ರತಿಯಾದರೂ ಬೇರೆ ಖಾತೆಯಲ್ಲಿ, ಬೇರೆ ಬೀಗದ ಕೈಯಲ್ಲಿ, ಸಾಧ್ಯವಾದರೆ ಬೇರೆ ಸಂಸ್ಥೆಯಲ್ಲಿರಬೇಕು. ಗೊತ್ತುಮಾಡಿದ ದಿನಗಳು ಕಳೆಯುವವರೆಗೆ ಒಡೆಯನೂ ಅಳಿಸಲಾಗದಂತೆ ಪ್ರತಿಗೆ ಮುದ್ರೆ ಹಾಕುವ ಸೌಕರ್ಯವನ್ನು ಈಗ ಹಲವು ಸಂಗ್ರಹಗಳು ಒದಗಿಸುತ್ತವೆ. ಭಾರತದೊಳಗೇ ದೂರದ ಊರುಗಳನ್ನು ಆರಿಸಿಕೊಳ್ಳಲೂ ತೊಂದರೆಯಿಲ್ಲ. ಅಮೆಜಾನ್ ಸಂಸ್ಥೆಯೊಂದನ್ನೇ ನೋಡಿದರೂ, ಮುಂಬಯಿಯಲ್ಲಿ 2016ರಿಂದಲೂ ಹೈದರಾಬಾದಿನಲ್ಲಿ 2022ರಿಂದಲೂ ಅದರ ಕೇಂದ್ರಗಳಿವೆ.

ಇಷ್ಟೆಲ್ಲ ಮಾಡಿದರೂ ನನ್ನ ಇಪ್ಪತ್ತು ಬೈಟಿನ ಕಾಯಿಲೆಗೆ ಮದ್ದಾಗಲಿಲ್ಲ. ಈ ಕಾಯಿಲೆ ದೊಡ್ಡವರನ್ನೂ ಬಿಟ್ಟಿಲ್ಲವೆಂಬುದೇ ಅಂದು ನನಗಿದ್ದ ಸಮಾಧಾನ. ಗಿಟ್‌ಲ್ಯಾಬ್ ಎಂಬುದು ಕ್ರಮವಿಧಿಗಳನ್ನು ರಚಿಸುವವರಿಗೆ ಅವುಗಳನ್ನು ಇಟ್ಟುಕೊಳ್ಳಲು ಜಾಗ ಕೊಡುವ ಸಂಸ್ಥೆ. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರೊಬ್ಬರು ಉಪಸರ್ವರಿನ ಕಡತಗಳನ್ನು ಅಳಿಸುತ್ತಿರುವೆನೆಂದು ತಿಳಿದು ಮುಖ್ಯ ಸರ್ವರಿನವನ್ನೇ ಅಳಿಸತೊಡಗಿದರು. ಒಂದೆರಡು ಸೆಕೆಂಡಿನಲ್ಲಿ ಎಚ್ಚೆತ್ತು ನಿಲ್ಲಿಸಿದರಾದರೂ, ಸುಮಾರು 300 ಗಿಗಾಬೈಟಿನಲ್ಲಿ ಉಳಿದುದು ನಾಲ್ಕೂವರೆ. ರಕ್ಷಣೆಯ ಏರ್ಪಾಟುಗಳು ಒಂದಲ್ಲ, ಐದಿದ್ದುವು, ಐದೂ ಕೈಕೊಟ್ಟವು. ದಿನನಿತ್ಯದ ನಕಲು ತೆಗೆಯುವ ಸಾಧನ ದತ್ತಕೋಶಕ್ಕೆ ಹೊಂದದ ಹಳೆಯ ಆವೃತ್ತಿಯದಾಗಿದ್ದು ಪ್ರತಿಸಲವೂ ಸೋಲುತ್ತಿತ್ತು. ಸೋತೆನೆಂದು ಅದು ಕಳುಹಿಸಿದ ಮಿಂಚಂಚೆಗಳನ್ನು, ಸರಿಯಾದ ರುಜುವಿಲ್ಲವೆಂದು, ಪಡೆಯುವ ಕಡೆಯ ಅಂಚೆವ್ಯವಸ್ಥೆ ತಿರಸ್ಕರಿಸುತ್ತಿತ್ತು. ಕೊನೆಗೆ ಉಳಿಸಿದ್ದು, ಬೇರಾವುದೋ ಪರೀಕ್ಷೆಗಾಗಿ ಆರು ಗಂಟೆ ಮೊದಲು ಕೈಯಿಂದಲೇ ತೆಗೆದಿದ್ದ ಒಂದು ಸ್ನ್ಯಾಪ್‌ಷಾಟ್. ನನ್ನ ವಿದ್ಯಾರ್ಥಿನಿಯ ಲ್ಯಾಪ್‌ಟಾಪಿನಂತೆ ಅದೂ ಆಕಸ್ಮಿಕ. ಸಂಸ್ಥೆ ಏನನ್ನೂ ಮುಚ್ಚಿಡಲಿಲ್ಲ. ಚೇತರಿಕೆಯ ಕೆಲಸವನ್ನು ನೇರಪ್ರಸಾರದಲ್ಲಿ ಜಗತ್ತಿಗೇ ತೋರಿಸಿತು. ಈ ಧೈರ್ಯವನ್ನು ಮೆಚ್ಚಬೇಕು.

ತಪ್ಪಾದಾಗ ತಿಳಿಸೆಂದು ಯಂತ್ರಕ್ಕೆ ಹೇಳಿದರೆ, ತಿಳಿಸುವ ಅಂಗವೂ ಕೆಡಬಹುದು. ಆದುದರಿಂದ ಕ್ರಮವನ್ನು ತಿರುವುಮುರುವು ಮಾಡಬೇಕು. ನಾವೀಗ ಸರ್ವರಿನ ಹೊರಗೆ ಒಬ್ಬ ಕಾವಲುಗಾರನನ್ನು ಇಟ್ಟಿದ್ದೇವೆ. ಅವನೂ ಒಂದು ಕ್ರಮವಿಧಿಯೇ. ನಕಲು ಮುಗಿದು, ಅದರ ಗಾತ್ರ ನಿನ್ನೆಯದಕ್ಕಿಂತ ಕಡಿಮೆಯಿಲ್ಲವೆಂದು ಖಾತ್ರಿಯಾದ ಮೇಲೆ, ಸರ್ವರ್ ಅವನಿಗೆ ಒಂದು ಸಂಜ್ಞೆ ಕಳುಹಿಸುತ್ತದೆ. ಬೆಳಗಿನ ನಾಲ್ಕರೊಳಗೆ ಸಂಜ್ಞೆ ಬಾರದಿದ್ದರೆ ಅವನು ನನ್ನ ಫೋನಿಗೆ ಸುದ್ದಿ ಮುಟ್ಟಿಸುತ್ತಾನೆ. ಮೌನವೇ ಅಪಾಯದ ಸೂಚನೆಯೆಂದು ಅವನಿಗೆ ಕಲಿಸಿದ್ದೇವೆ.

ಇದಲ್ಲದೆ, ಪ್ರತಿ ತಿಂಗಳ ಮೊದಲ ಶನಿವಾರ ಇಬ್ಬರು ವಿದ್ಯಾರ್ಥಿಗಳು ಒಂದು ಹೊಸ ಸರ್ವರನ್ನು ಎರಡು ಮೂರು ಗಂಟೆಗಳಿಗೆ ಬಾಡಿಗೆ ಹಿಡಿದು, ಹಳೆಯ ಸರ್ವರ್ ಇಲ್ಲವೇ ಇಲ್ಲವೆಂಬಂತೆ ನಟಿಸಿ, ಬ್ಯಾಕಪ್ಪಿನಿಂದ ಮಾತ್ರವೇ ಎಲ್ಲವನ್ನೂ ಮರಳಿ ಸ್ಥಾಪಿಸುತ್ತಾರೆ. ಸಾಲುಗಳನ್ನು ಎಣಿಸುತ್ತಾರೆ; ಯಾವುದಾದರೊಂದು ದಿನದ ಸರಾಸರಿ ಉಷ್ಣತೆಯನ್ನು ಎರಡೂ ಕಡೆ ಲೆಕ್ಕಹಾಕಿ ಹೋಲಿಸುತ್ತಾರೆ. ಎಷ್ಟು ಹೊತ್ತು ಹಿಡಿಯಿತೆಂದು ಗೋಡೆಯ ಮೇಲಿನ ಹಾಳೆಯಲ್ಲಿ ಬರೆಯುತ್ತಾರೆ. 100 ಗಿಗಾಬೈಟಿನ ಪ್ರತಿಯನ್ನು ಸೆಕೆಂಡಿಗೆ 100 ಮೆಗಾಬಿಟ್ಟಿನ ಮಾರ್ಗದಲ್ಲಿ ತರಲು 8,000 ಸೆಕೆಂಡು, ಎಂದರೆ ಎರಡೂಕಾಲು ಗಂಟೆ ಬೇಕೆಂಬುದನ್ನು ಕಾಗದದ ಮೇಲೆ ಯಾರಾದರೂ ಹೇಳಬಹುದು. ಸೋತ ಮೇಲೆಯೇ ತಿಳಿಯುವ ಸಂಗತಿಗಳೂ ಇವೆ. 2024ರ ಜೂನ್ ಶನಿವಾರದಂದು ಪ್ರತಿಯೇನೋ ಬಂದಿಳಿಯಿತು. ಆದರೆ ಪರರು ಓದದಂತೆ ಅದನ್ನು ಗೂಢಲಿಪಿಯಲ್ಲಿ ಇಟ್ಟಿದ್ದೆವಾಗಿ, ಅದು ಸಂಕೇತಪದವನ್ನು ಕೇಳಿತು. ಸಂಕೇತಪದವಿದ್ದುದು ಹಳೆಯ ಸರ್ವರಿನಲ್ಲಿ, ಮತ್ತು ಗೂಢಲಿಪಿಯಲ್ಲಿದ್ದ ಆ ಪ್ರತಿಯ ಒಳಗೆ! ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯಲ್ಲಿಯೇ ಸೇರಿಹೋಗಿತ್ತು. ಹುಡುಗರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಏಕೆಂದರೆ ಅಂದು ಹಳೆಯ ಸರ್ವರ್ ಇನ್ನೂ ಬದುಕಿತ್ತು. ಸಂಜೆಯೊಳಗೆ ಆ ಪದವನ್ನು ಶಾಯಿಯಲ್ಲಿ ಎರಡು ಕಾಗದಗಳ ಮೇಲೆ ಬರೆದು, ಒಂದನ್ನು ಪ್ರಿನ್ಸಿಪಾಲರ ಕೊಠಡಿಯ ಕಬ್ಬಿಣದ ತಿಜೋರಿಯಲ್ಲಿಯೂ, ಇನ್ನೊಂದನ್ನು ನಮ್ಮ ಮನೆಯ ಬೀರುವಿನಲ್ಲಿಯೂ ಇಟ್ಟೆವು.