ಸೊಪ್ಪಿನ ಪಲ್ಯಕ್ಕೆ ಹುಚ್ಚೆಳ್ಳಿನ ಪುಡಿ

ರಾಗಿಹೊಲದಲ್ಲಿ ಅಕ್ಕಡಿಯಾಗಿ ಬೆಳೆದ ಹುಚ್ಚೆಳ್ಳನ್ನು ಅನೇಕ ರೈತರು ಪೂರ್ತಿಯಾಗಿ ಮಾರಿಬಿಡುವರು. ಇದು ಯುಕ್ತವಲ್ಲ. ಸೊಪ್ಪಿನಲ್ಲಿ ಕಣ್ಣಿಗೆ ಹಿತಕರವಾದ ಕೆರೋಟಿನ್ ಎಂಬ ಸತ್ತ್ವವಿದ್ದರೂ, ಜಿಡ್ಡಿನೊಡನೆ ಸೇವಿಸಿದಲ್ಲದೆ ಅದು ದೇಹಕ್ಕೆ ಚೆನ್ನಾಗಿ ಹತ್ತದು. ಹುಚ್ಚೆಳ್ಳಿನಲ್ಲಿ ನೂರಕ್ಕೆ 30ರಿಂದ 40 ಪಾಲು ಎಣ್ಣೆಯಿರುವುದು.

ತಯಾರಿಸುವ ಕ್ರಮ:— ತೂಕದಲ್ಲಿ ಹುಚ್ಚೆಳ್ಳು 10 ಪಾಲು, ಒಣಮೆಣಸಿನಕಾಯಿ 1 ಪಾಲು, ಉಪ್ಪು 1 ಪಾಲು, ಜೀರಿಗೆ ಸ್ವಲ್ಪ. ಕಲ್ಲು ಮಣ್ಣು ತೆಗೆದ ಹುಚ್ಚೆಳ್ಳನ್ನು ಸಣ್ಣ ಉರಿಯಲ್ಲಿ ಚಟಪಟನೆ ಸಿಡಿಯುವವರೆಗೆ ಹುರಿಯಬೇಕು. ಮೆಣಸಿನಕಾಯಿ ಜೀರಿಗೆಗಳನ್ನು ಬೇರೆಯಾಗಿ ಹುರಿದು, ಎಲ್ಲವೂ ಆರಿದ ಮೇಲೆ ಉಪ್ಪಿನೊಡನೆ ತರಿತರಿಯಾಗಿ ಕುಟ್ಟತಕ್ಕದ್ದು. ಸೊಪ್ಪು ಬೆಂದು ನೀರು ಇಂಗಿದ ನಂತರ ಈ ಪುಡಿಯನ್ನು ಉದುರಿಸಿ ಇಳಿಸಬೇಕು.

ಪುಡಿಯು ಬೇಗನೆ ಕಮಟುವುದರಿಂದ ಎರಡು ವಾರಕ್ಕೆ ಸಾಲುವಷ್ಟನ್ನೇ ಕುಟ್ಟಿ, ಮಿಕ್ಕ ಕಾಳನ್ನು ಒಣಗಿಸಿಡುವುದು ಲೇಸು. ಒಕ್ಕಣೆಯ ಕಾಲದಲ್ಲಿಯೇ ಮನೆಖರ್ಚಿಗೆ ಬೇಕಾದ ಕಾಳನ್ನು ತೆಗೆದಿಡುವಂತೆ ಗ್ರಾಮದ ಮುಖಂಡರು ರೈತರಿಗೆ ತಿಳಿಯಹೇಳತಕ್ಕದ್ದು.